ಬೆನ್ನಿಗೆ ಕೈ ಎಟುಕುವುದಿಲ್ಲ

ಬುಸಾನ್
ನವೆಂಬರ್ 14, ಗುರುವಾರ

ಅಮ್ಮಾ,

ಚೆನ್ನಾಗಿದ್ದೀಯಾ ಎಂದು ಮೊದಲೇ ಕೇಳುವುದಿಲ್ಲ. ಅದನ್ನು ಕೊನೆಗೆ ಕೇಳುತ್ತೇನೆ. ಫೋನ್ ಮಾಡಿದರೆ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಅಕ್ಷರ ಕೋಳಿ ಕೆದರಿದ ಹಾಗಿದೆ, ಗೊತ್ತು. ಶಾಲೆ ಬಿಟ್ಟವಳ ಕೈಬರಹ, ಹೇಗೋ ಓದಿಕೋ.

ಮೊದಲು ಕೆಲಸದ ಮಾತು. ಬೀರುವಿನಲ್ಲಿರುವ ನನ್ನ ದಪ್ಪ ಕರಿ ಕೋಟನ್ನು ಪಾರ್ಸೆಲ್ ಮಾಡು. ನಮ್ಮ ತೇಬೆಕ್‌ನಷ್ಟು ಚಳಿ ಇಲ್ಲಿಲ್ಲ, ಆದರೆ ಸಮುದ್ರದ ಗಾಳಿ ಕಿವಿ ಕೊಯ್ಯುತ್ತದೆ. ನಾನಿರುವ ವಸತಿಯ ವಿಳಾಸ ಲಕೋಟೆಯ ಹಿಂದಿದೆ. ನಾನಂತೂ ಮನೆಗೆ ಬರುವುದಿಲ್ಲ. ಹೊರಡುವಾಗ ಹೇಳಿದ ಮಾತೇ ಮಾತು.

ಎರಡು ವಾರದಿಂದ ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬಳೇ ಈ ಊರು ಸುತ್ತುತ್ತಿದ್ದೇನೆ. ಇಲ್ಲಿಯ ಮನೆಗಳೆಲ್ಲ ಗುಡ್ಡಕ್ಕೆ ಅಂಟಿಕೊಂಡಿವೆ. ಮೆಟ್ಟಿಲು ಹತ್ತಿ ಹತ್ತಿ ನನ್ನ ಮೀನಖಂಡ ಕಲ್ಲಾಗಿದೆ. ಒಬ್ಬಳೇ ಹೋದರೆ ಎಲ್ಲ ಕಡೆ ಊಟವೂ ಸಿಗುವುದಿಲ್ಲ. ಮೊನ್ನೆ ಮಾಂಸ ಸುಡುವ ಹೋಟೆಲಿನ ಯಜಮಾನಿ ನನ್ನ ಹಿಂದೆ ಇನ್ಯಾರಾದರೂ ಬರುತ್ತಾರಾ ಎಂದು ಬಾಗಿಲು ನೋಡಿದಳು. "ಒಬ್ಳೇನಾ? ಎರಡು ಪಾಲಿಂದ ಶುರು ಕಣಮ್ಮ. ಒಬ್ಬರಿಗೆಲ್ಲಾ ಒಲೆ ಹಚ್ಚಲ್ಲ" ಅಂದಳು. ನನಗೆ ಸಿಟ್ಟು ಬಂತು. ಎರಡು ಪಾಲು ತರಿಸಿ ಎರಡನ್ನೂ ನಾನೇ ತಿಂದೆ. ಆಮೇಲೆ ಬಂದರಿನ ಕಟ್ಟೆಯ ಹಿಂದೆ ಹೋಗಿ ವಾಂತಿ ಮಾಡಿದೆ. ನಗಬೇಡ.

ಇವತ್ತು ಯಾವ ದಿನ ಎಂದು ನಿನಗೆ ಹೇಳಬೇಕಾಗಿಲ್ಲ. ನನ್ನ ವಯಸ್ಸಿನ ಎಲ್ಲರೂ ಕಾಲೇಜು ಪ್ರವೇಶದ ಪರೀಕ್ಷೆ ಬರೆಯುತ್ತಿದ್ದಾರೆ. ಬೆಳಿಗ್ಗೆ ಎಂಟು ಗಂಟೆಗೆ ನಾನು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಪೊಲೀಸಿನವನೊಬ್ಬ ಬೈಕನ್ನು ಕಿರ್‍ರೆಂದು ನಿಲ್ಲಿಸಿದ. ತಡವಾದವರನ್ನು ಪರೀಕ್ಷೆಗೆ ತಲುಪಿಸಲು ಇವರು ಬೀದಿ ಬೀದಿ ಅಲೆಯುತ್ತಾರಲ್ಲ, ಅಂಥವನು. "ಹತ್ತು ಬೇಗ! ಇನ್ ಹತ್ತೇ ನಿಮಿಷ ಇರೋದು, ಗೇಟ್ ಹಾಕ್ತಾರೆ! ಯಾವ ಸ್ಕೂಲು?" ಎಂದು ತಲೆಗೆ ಹೆಲ್ಮೆಟ್ಟನ್ನೂ ತುರುಕಿದ. ನಾನು ಪರೀಕ್ಷೆಗೆ ಹೋಗುತ್ತಿಲ್ಲ ಎಂದು ಕಿರುಚಿದೆ. "ಮತ್ತೆ ಇಷ್ಟ್ ದೊಡ್ಡ ಬ್ಯಾಗ್ ಹಾಕ್ಕೊಂಡು ಎಲ್ಲಿಗ್ ಹೊರಟೆ?" ಸ್ನಾನಕ್ಕೆ ಅಂದೆ. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಾಪ, ಅವನು ಹೆಲ್ಮೆಟ್ ವಾಪಸ್ ತೆಗೆದುಕೊಂಡು "ಚೆನ್ನಾಗ್ ಮಾಡು ಹಂಗಾದ್ರೆ" ಎಂದು ಹೊರಟುಹೋದ.

ನಿಜವಾಗಿಯೂ ಸ್ನಾನಕ್ಕೇ ಹೊರಟಿದ್ದೆ. ಬಿಸಿನೀರಿನ ಬುಗ್ಗೆಯಿರುವ ಬಡಾವಣೆಯ ಒಂದು ಹಳೆಯ ಸಾರ್ವಜನಿಕ ಸ್ನಾನದ ಮನೆಗೆ. ನಮ್ಮೂರಿನದರ ಹಾಗೇ, ಹೆಂಗಸರೆಲ್ಲ ಬಟ್ಟೆ ಬಿಚ್ಚಿ ಒಟ್ಟಿಗೆ ಕೂರುವಂಥದ್ದು. ಇಲ್ಲಿ ಬೆನ್ನು ಉಜ್ಜುವ ಯಂತ್ರವೇ ಇದೆ ಅಮ್ಮಾ. ಗೋಡೆಯಲ್ಲಿ ತಿರುಗುವ ದುಂಡು ತಟ್ಟೆ, ಅದಕ್ಕೆ ನಾವು ಮೈ ಉಜ್ಜುವ ಅದೇ ಹಸಿರು ಒರಟು ಬಟ್ಟೆ. ಗುಂಡಿ ಒತ್ತಿ ಬೆನ್ನು ಕೊಟ್ಟು ಕೂತರೆ ಆಯಿತು, ಯಾರ ಹಂಗೂ ಬೇಡ. ಇದು ನಮ್ಮೂರಿನಲ್ಲಿ ಇದ್ದಿದ್ದರೆ ನಾನು ನಿನ್ನ ಜೊತೆ ಜಗಳವೇ ಆಡುತ್ತಿರಲಿಲ್ಲ ಅಂದುಕೊಂಡೆ.

ನಮ್ಮೂರಿನ ಸ್ನಾನದ ಮನೆಯಲ್ಲಿ ಪ್ರತಿ ಭಾನುವಾರ ನೀನು ನನ್ನ ಬೆನ್ನು ಉಜ್ಜುತ್ತಿದ್ದೆ, ನಾನು ನಿನ್ನ ಬೆನ್ನು. ನಾನು ನಾಲ್ಕು ವರ್ಷದವಳಿದ್ದಾಗಿನಿಂದ. ನಾನು ಶಾಲೆ ಬಿಟ್ಟ ಮೇಲೆ ನೀನು ಅದನ್ನು ನಿಲ್ಲಿಸಿದೆ. "ನೀನ್ ಹೋಗ್ ಬಾ, ನಾನ್ ಮನೇಲೇ ಮಾಡ್ತೀನಿ." ಒಂದೂವರೆ ವರ್ಷ ಅದೇ ಮಾತು. ನೀನು ಅಡುಗೆ ಮಾಡುವುದು ಅದೇ ಶಾಲೆಯಲ್ಲಿ, ನಿನ್ನ ಜೊತೆ ಪಾತ್ರೆ ತೊಳೆಯುವ ಹೆಂಗಸರೆಲ್ಲ ಸ್ನಾನಕ್ಕೆ ಬರುವುದೂ ಅದೇ ಸ್ನಾನದ ಮನೆಗೆ. ನನಗೆ ಎಲ್ಲ ಅರ್ಥವಾಯಿತು ಅಂದುಕೊಂಡಿದ್ದೆ. ಹೊರಟ ದಿನ ಬಾಗಿಲಲ್ಲಿ ನಿಂತು, "ಅವರ ಮುಂದೆ ನನ್ ಪಕ್ಕ ಕೂರೋಕೆ ನಿಂಗೆ ನಾಚಿಕೆ, ಅಲ್ವಾ?" ಎಂದು ಕೇಳಿದೆ. ನೀನು ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ, "ಹೂಂ, ಹಂಗೇ ಅಂದ್ಕೋ" ಅಂದೆ. ನಾನು ಚೀಲ ಎತ್ತಿಕೊಂಡೆ.

ಇವತ್ತು ಯಂತ್ರಕ್ಕೆ ಬೆನ್ನು ಒತ್ತಿಕೊಂಡು ಒದ್ದಾಡುತ್ತಿದ್ದೆ. ತಟ್ಟೆ ಮೂಳೆಯ ಮೇಲೆ ಕರಕರ ಉಜ್ಜುತ್ತದೆ, ರೆಕ್ಕೆಮೂಳೆಯ ನಡುವೆ ಹೋಗುವುದೇ ಇಲ್ಲ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, "ಏ ಹುಡುಗಿ, ಮೆಷಿನ್ನು ನಿನ್ನ ತೊಳೀತಿದ್ಯೋ, ನೀನೇ ಮೆಷಿನ್ ತೊಳೀತಿದ್ದೀಯೋ? ಬಾ ಇಲ್ಲಿ. ನಿಂದು ನಾನ್ ಉಜ್ತೀನಿ, ನಂದು ನೀನ್ ಉಜ್ಜು" ಅಂದಳು. ಮಾಲ್‌ಸುನ್ ಎಂದು ಹೆಸರು. ಎಡಗೈಯಲ್ಲೇ ನನ್ನ ಚರ್ಮ ಸುಲಿದುಬಿಟ್ಟಳು.

ಆಮೇಲೆ ಅವಳು ಹೆಗಲ ಮೇಲಿನ ಟವೆಲ್ ತೆಗೆದಳು. ಬಲಗಡೆಯ ಮೊಲೆ ಇರಲಿಲ್ಲ. ಅಲ್ಲಿ ಕಂಕುಳವರೆಗೆ ಒಂದು ಗೆರೆ. ನಾನು ಬೆಪ್ಪಾಗಿ ನೋಡಿದೆ. "ನೋಡ್ ನೋಡು, ದುಡ್ಡೇನ್ ಕೊಡ್ಬೇಕಿಲ್ಲ. ಒಂದು ಹೋಯ್ತು, ಇನ್ನೊಂದಿದೆ. ಈ ವಯಸ್ಸಲ್ಲಿ ಯಾರಿಗ್ ಹಾಲು ಕುಡಿಸ್ಬೇಕು?" ಎಂದು ನಕ್ಕಳು. ಅವಳ ಮನೆಯ ಕೆಳಗೇ ಒಂದು ಸ್ನಾನದ ಮನೆ ಇದೆಯಂತೆ. ಆದರೂ ಒಂಬತ್ತು ವರ್ಷದಿಂದ ರೈಲು ಹತ್ತಿ ಊರಿನ ಈ ತುದಿಗೆ ಬರುತ್ತಾಳಂತೆ. ಯಾಕೆ ಎಂದು ಕೇಳಿದೆ. "ಅಲ್ಲಿ ಎಲ್ರಿಗೂ ನಾನ್ ಗೊತ್ತು. ಅಯ್ಯೋ ಪಾಪ ಅಂತಾರೆ. ಇಲ್ಲಿ ಯಾರೂ ಅನ್ನಲ್ಲ. ನನ್ ಸೊಸೆಗೆ, ಬುಗ್ಗೆ ನೀರು ಮಂಡಿಗೆ ಒಳ್ಳೇದು ಅಂತ ಹೇಳಿದೀನಿ." ಬಲಗೈ ಯಾಕೆ ಬಳಸಲಿಲ್ಲ ಎಂದೂ ಕೇಳಿದೆ. ಆಪರೇಷನ್ ಆದಮೇಲೆ ಅದು ಹೆಗಲಿಗಿಂತ ಮೇಲೆ ಏಳುವುದಿಲ್ಲವಂತೆ.

ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

ಅಮ್ಮಾ, ನೀನು ಹೋದ ವರ್ಷ ಬಟ್ಟೆ ಒಣಹಾಕುವ ಹಗ್ಗವನ್ನು ಎದೆಮಟ್ಟಕ್ಕೆ ಇಳಿಸಿದೆ. ಚಳಿಗಾಲದ ಉಪ್ಪಿನಕಾಯಿಗೆ ಕಿಮ್ಚಿ ಹಾಕುವ ದಿನ ಕೋಸಿನ ಬುಟ್ಟಿಗಳನ್ನು ಎತ್ತಲು ಪಕ್ಕದ ಮನೆಯವರನ್ನು ಕರೆದೆ, ಯಾವತ್ತೂ ಕರೆದವಳಲ್ಲ. ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ, ದೊಡ್ಡಮ್ಮನ ಸೊಂಟ ಮುರಿದಿದೆ ಎಂದು ನೀನು ವೊಂಜುವಿಗೆ ಹೋಗಿ ಮೂರು ವಾರ ಇದ್ದೆ. ಚುಸೋಕ್ ಹಬ್ಬಕ್ಕೆ ಬಂದ ದೊಡ್ಡಮ್ಮ ನಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು! ನಾನು ಕತ್ತೆ, ಅದನ್ನು ನೋಡಿಯೂ ನೋಡಲಿಲ್ಲ.

ಆ ಮೂರು ವಾರದಲ್ಲೇ ನಾನು ಶಾಲೆಗೆ ಹೋಗುವುದನ್ನು ಬಿಟ್ಟಿದ್ದು. ಎಬ್ಬಿಸುವವರು ಯಾರೂ ಇರಲಿಲ್ಲ. ನೀನು ಮನೆಗೆ ಬಂದ ದಿನ ಸಮವಸ್ತ್ರ ಕಸದ ಚೀಲದಲ್ಲಿತ್ತು. ಎದೆಗೆ ಹೊಲಿಗೆ ಹಾಕಿಸಿಕೊಂಡು ಬಂದ ನೀನು ಬಗ್ಗಿ ಅದನ್ನು ಎತ್ತಿಕೊಂಡೆ. ಎಡಗೈಯಲ್ಲಿ. ಒಂದು ಮಾತೂ ಬೈಯಲಿಲ್ಲ. ನಾನು ಅದಕ್ಕೂ ಸಿಟ್ಟು ಮಾಡಿಕೊಂಡಿದ್ದೆ.

ಯಾಕೆ ಹೇಳಲಿಲ್ಲ? ಮೊದಲು ನನ್ನ ಪರೀಕ್ಷೆ ಕೆಡುತ್ತದೆ ಎಂದು, ಸರಿ. ಪರೀಕ್ಷೆಯೇ ಇಲ್ಲ ಅಂದಮೇಲೆ? ಹೇಳಿದ್ದರೆ ನಾನು ಎಲ್ಲಿಗೂ ಹೋಗದೆ ನಿನ್ನ ಸೆರಗು ಹಿಡಿದು ಕೂತುಬಿಡುತ್ತೇನೆ ಎಂದಾ? ನಾಚಿಕೆ ಅನ್ನುವ ಸುಳ್ಳನ್ನು ನಾನೇ ಕೊಟ್ಟೆ, ನೀನು ಹಾಗೇ ಎತ್ತಿಕೊಂಡೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಗೊತ್ತಾ? ಮಾಲ್‌ಸುನ್ ಅಜ್ಜಿಯ ಬೆನ್ನನ್ನು ಎರಡು ಸಲ ಉಜ್ಜಿದೆ. "ಸಾಕು ಬಿಡೇ, ಚರ್ಮ ನಂದು!" ಎಂದು ಕೂಗಿದಳು. ಆಮೇಲೆ ನನ್ನ ಮುಖ ನೋಡಿ ನನ್ನ ತಲೆಯ ಮೇಲೆ ಬಿಸಿನೀರು ಸುರಿದಳು. ಅಳುವುದು ಕಾಣಬಾರದು ಎಂದಿರಬೇಕು.

ಈಗ ಕೇಳುತ್ತೇನೆ. ಚೆನ್ನಾಗಿದ್ದೀಯಾ? ಒಂದೂವರೆ ವರ್ಷದಿಂದ ನಿನ್ನ ಬೆನ್ನನ್ನು ಯಾರು ಉಜ್ಜುತ್ತಿದ್ದಾರೆ?

ನಿನ್ನ ಮಗಳು,
ಬೊರಾಮ್

ಮರೆತಿದ್ದು: ಕೋಟನ್ನು ಪಾರ್ಸೆಲ್ ಮಾಡಬೇಡ. ಶನಿವಾರ ನಿನಗೆ ಅಡುಗೆಮನೆ ರಜೆ. ನೀನೇ ಬಾ. ಕೈಯಲ್ಲಿ ಹಿಡಿದುಕೊಳ್ಳಬೇಡ, ಭಾರ, ಹಾಕಿಕೊಂಡು ಬಾ. ಇಲ್ಲಿ ನಮ್ಮನ್ನು ಯಾರೂ ಗುರುತು ಹಿಡಿಯುವುದಿಲ್ಲ, ಹೋಟೆಲಿನವಳೂ ಒಲೆ ಹಚ್ಚುತ್ತಾಳೆ. ನಾನು ಬರೆದಿದ್ದೆಲ್ಲ ತಪ್ಪು ಅಂತಾದರೂ ಬಾ. ಬಸ್ಸಿನಿಂದ ಇಳಿದವಳೇ ನನಗೆ ಎರಡು ಬಾರಿಸು, ಬಲಗೈ ಎತ್ತಿ. ನಾನು ತಪ್ಪಿಸಿಕೊಳ್ಳುವುದಿಲ್ಲ.