ಸಿರ್ಗಾಪುರದಲ್ಲಿ ಆಟಗಾರರಿಲ್ಲ ಎಂದು ಬರೆದವರಿಗೆ

ಮೂರು ತಾಲೂಕುಗಳ ಫುಟ್‌ಬಾಲ್ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ಇದೇ ೧೩೫೫ನೇ ಫಸಲಿ ಅರ್ದಿಬೆಹಿಷ್ತ್ ತಿಂಗಳ ಎಂಟನೇ ತಾರೀಖು, ಅಂದರೆ ಇಂಗ್ರೇಜಿ ೧೯೪೬ರ ಮಾರ್ಚ್ ತಿಂಗಳಲ್ಲಿ, ತಾವು ಸಹಿ ಮಾಡಿದ ಹುಕುಮಿನಿಂದ ಸಿರ್ಗಾಪುರದ ಫುಟ್‌ಬಾಲ್ ಸಂಘ ಎಂದೂ ಹುಟ್ಟಿಯೇ ಇರಲಿಲ್ಲವೆಂದು ನಮಗೆ ತಿಳಿಯಿತು. "ಸದರಿ ಊರಿನಲ್ಲಿ ತಂಡವಾಗಲಿ ಆಟಗಾರರಾಗಲಿ ಇಲ್ಲವೆಂದು ತನಿಖೆಯಿಂದ ಸಾಬೀತಾದ ಕಾರಣ, ಸಂಘದ ಹೆಸರನ್ನೂ ಅದು ಆಡಿದ ಎಲ್ಲ ಪಂದ್ಯಗಳನ್ನೂ ದಫ್ತರಿನಿಂದ ತೆಗೆದುಹಾಕಲಾಗಿದೆ." ಒಂದೇ ವಾಕ್ಯದಲ್ಲಿ ಹನ್ನೊಂದು ವರ್ಷ ಮುಗಿಯಿತು. ಇಷ್ಟು ಚುರುಕಾದ ಕೆಲಸ ತಮ್ಮ ಕಚೇರಿಯಿಂದ ಹಿಂದೆಂದೂ ಆದ ನೆನಪು ನನಗಿಲ್ಲ. ಆರು ದಿನ ಮೊದಲಷ್ಟೇ ನಾವು ಕೆಳದರ್ಜೆಯಲ್ಲಿ ಮೊದಲನೆಯವರಾಗಿ, ಮೊಟ್ಟಮೊದಲ ಬಾರಿಗೆ ಮೇಲ್ದರ್ಜೆಯಲ್ಲಿ ಆಡುವ ಹಕ್ಕು ಪಡೆದಿದ್ದೆವು. ಇಲ್ಲದವರಿಗೆ ಹಕ್ಕೆಲ್ಲಿಯದು? ಅದನ್ನು ಎರಡನೆಯ ಸ್ಥಾನದವರಿಗೆ ಕೊಟ್ಟಿರಿ.

ಇದರ ಬಗ್ಗೆ ಉರ್ದುವಿನಲ್ಲಿ ಎರಡು ಅರ್ಜಿ ಬರೆದೆ. ಎರಡಕ್ಕೂ ಉತ್ತರವಿಲ್ಲ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಊರವರು ಓದಿಸಿಕೊಂಡು ಕೇಳುತ್ತಾರೆ.

ತಮಗೆ ನೆನಪಿಲ್ಲದ್ದನ್ನು ನಾನು ಹೇಳುತ್ತೇನೆ. ೧೩೪೪ರಲ್ಲಿ ಅಂಗಡಿಗೆ ಬಟ್ಟೆ ತರಲೆಂದು ತಾಂಡೂರಿಗೆ ಹೋಗಿದ್ದಾಗ, ರೈಲಿನ ಕೆಲಸಗಾರರು ಆಡುವುದನ್ನು ನಿಂತು ನೋಡಿ, ಅವರು ಬಿಸಾಡಲಿದ್ದ ಒಂದು ಚೆಂಡನ್ನು ಬೇಡಿಕೊಂಡು ಬಂದೆ. ಊರಲ್ಲಿ ಅದನ್ನು ಮೊದಲು ಮುಟ್ಟಿದವನು ಕುರಿ ಕಾಯುವ ಧರ್ಮಣ್ಣ. ಕೈ ಹಚ್ಚಬಾರದು, ಕಾಲಿನಿಂದಲೇ ಆಡಬೇಕು ಎಂದೆ. "ಚಲೋ ಆತು ಬಿಡ್ರಿ ಸಾವ್ಕಾರ್ರ," ಎಂದ. "ನಮ್ಮ ಕೈಯಾಗ ಬಡಿಗಿ ಇರ್ತದ. ಕಾಲ ಖಾಲಿನೇ ಅವ." ಅವನು ನಾಯಕನಾದ, ಅವನ ಗೆಳೆಯ ಭೀಮಶಾ ಗೋಲು ಕಾಯಲು ನಿಂತ. ಮುಂದಿನ ವರ್ಷ ತಮ್ಮ ಕೆಳದರ್ಜೆಗೆ ಸೇರಿದೆವು. ಮೊದಲ ಪಂದ್ಯದಲ್ಲಿ ಒಂಬತ್ತು ಗೋಲಿನಿಂದ ಸೋತೆವು. ಬೂಟು ಹಾಕಿದವರ ಎದುರು ಬರಿಗಾಲಿನಲ್ಲಿ ನಿಂತಿದ್ದೆವು ಎಂಬುದನ್ನು ಕಾರಣವೆಂದು ಹೇಳುವುದಿಲ್ಲ, ಏಕೆಂದರೆ ಈ ವರ್ಷ ಬರಿಗಾಲಿನಲ್ಲೇ ಗೆದ್ದಿದ್ದೇವೆ.

ಕುರಿಯ ಊರಿನ ಬದುಕು ತಮ್ಮ ದಫ್ತರಿಗೆ ಅರ್ಥವಾಗುವುದಿಲ್ಲವೆಂದು ಕಾಣುತ್ತದೆ. ಸುಗ್ಗಿ ಮುಗಿದೊಡನೆ ಹಿಂಡುಗಳು ಊರು ಬಿಡುತ್ತವೆ. ಗೊಬ್ಬರಕ್ಕಾಗಿ ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ ನಿಲ್ಲಿಸಿಕೊಳ್ಳುತ್ತಾರೆ. ಇಂಥ ವಾರ ಬರುತ್ತೇವೆ ಎಂದು ಮಾತು ಕೊಟ್ಟ ಮೇಲೆ ಕುರುಬ ತಪ್ಪುವಂತಿಲ್ಲ. ಪಂದ್ಯವನ್ನೂ ತಪ್ಪಿಸುವಂತಿಲ್ಲ. ಹೀಗಿರುವಾಗ ಧರ್ಮಣ್ಣ ಏನು ಮಾಡಿದ ಗೊತ್ತೇ? ತಮ್ಮ ಪಂದ್ಯಗಳ ಪಟ್ಟಿಯನ್ನು ನನ್ನಿಂದ ಓದಿಸಿಕೊಂಡು, ಯಾವ ವಾರ ಯಾವ ಊರಲ್ಲಿ ಆಟವೋ ಆ ವಾರ ಅದೇ ಊರಿನ ರೈತರ ಹೊಲ ಹಿಡಿದ. ನಾರಾಯಣಖೇಡದಲ್ಲಿ ಪಂದ್ಯವಿದ್ದರೆ ಹಿಂಡು ನಾರಾಯಣಖೇಡದಲ್ಲಿ, ಜಹೀರಾಬಾದಿನಲ್ಲಿದ್ದರೆ ಜಹೀರಾಬಾದಿನಲ್ಲಿ. ನಮ್ಮೂರಿನ ಪಂದ್ಯಗಳು ಹಿಂಡು ಹೊರಡುವ ಮುನ್ನವೇ ಮುಗಿಯುವಂತೆ ಪಟ್ಟಿ ಬರೆದುಕೊಟ್ಟವರು ತಮ್ಮ ಕಚೇರಿಯವರೇ. ಹನ್ನೊಂದು ವರ್ಷದಲ್ಲಿ ಒಂದು ಪಂದ್ಯಕ್ಕೂ ನಾವು ತಡವಾಗಿ ಬಂದವರಲ್ಲ. ಎದುರಾಳಿಗಳಿಗಿಂತ ಮೂರು ದಿನ ಮೊದಲೇ ಅಲ್ಲಿರುತ್ತಿದ್ದೆವು, ನಾಯಿಗಳ ಸಮೇತ.

ಇಂಥ ತಂಡವನ್ನು ಹುಡುಕಲು ತಮ್ಮ ಮುನ್ಷಿಯವರು ಇಸ್ಫಂದಾರ್ ತಿಂಗಳಲ್ಲಿ, ಅಂದರೆ ಜನವರಿಯಲ್ಲಿ, ಹಿಂಡು ಹೊರಟು ಒಂದು ತಿಂಗಳಾದ ಮೇಲೆ, ಸಿರ್ಗಾಪುರಕ್ಕೆ ಬಂದರು. ಅಂಗಳದಲ್ಲಿ ಸಿಕ್ಕವಳು ಭೀಮಶಾನ ತಾಯಿ ಗುಂಡಮ್ಮ. ಅವಳು ನನಗೆ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ.

"ಟೀಮ್ ಎಲ್ಲದ ಅಮ್ಮಾ?"

"ಕುರಿ ಜೋಡಿ ಹೋಗ್ಯಾದ್ರಿ."

"ನಾ ಕುರಿ ಕೇಳಿಲ್ಲ, ಟೀಮ್ ಕೇಳೀನಿ."

"ನಾನೂ ಟೀಮಿಂದೇ ಹೇಳಾಕತ್ತೀನ್ರಿ. ಇವತ್ತ ಜಹೀರಾಬಾದದಾಗ ಆಟ ಅದ. ಹೋದ್ರ ಸಿಗ್ತಾರ."

"ಊರಿಗಿ ಯಾವಾಗ ಬರ್ತಾರ?"

"ಮಿರಗದ ಮಳಿ ಬಿದ್ದ ಮ್ಯಾಲ. ಯಾಕ್ರಿ ಸಾಹೇಬ್ರ, ನಿಮಗೂ ಆಡಾಕ ಬರ್ತದೇನು?"

ಮುನ್ಷಿಯವರು ಎರಡು ಲೋಟ ಮಜ್ಜಿಗೆ ಕುಡಿದು, ಊರಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ಹೋದರು. ಮಜ್ಜಿಗೆ ಕೊಟ್ಟವಳೂ ಅವರ ಕಣ್ಣಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ.

ಅದೇ ದಿನ, ಸ್ವಾಮಿ, ತಾವೆಲ್ಲಿದ್ದಿರಿ? ಜಹೀರಾಬಾದಿನ ಮೈದಾನದಲ್ಲಿ ಕುರ್ಚಿಯ ಮೇಲೆ ಕುಳಿತು ಸುಟ್ಟ ಎಳೆಜೋಳದ ಸೀತನಿ ತಿನ್ನುತ್ತಿದ್ದಿರಿ. ಗೆರೆಯ ಪಕ್ಕ ಬಾವುಟ ಹಿಡಿದು ಓಡುತ್ತಿದ್ದ ನಾನು ತಮ್ಮ ಮುಂದಿನಿಂದಲೇ ಇಪ್ಪತ್ತು ಸಲ ಹಾದುಹೋದೆ. "ಏ ಕುರುಬ್ರಾ, ಚೆಂಡಿಗಿ ಹುಲ್ಲು ತಿನ್ನಸ್ತೀರೇನು?" ಎಂದು ಯಾರೋ ಕೂಗಿದಾಗ ತಾವೂ ನಕ್ಕಿರಿ. "ತಿನ್ನಸ್ತೀವಿ, ನಿಮ್ಮ ಗೋಲಿನಾಗಿಂದು!" ಎಂದು ಧರ್ಮಣ್ಣ ತಿರುಗಿ ಕೂಗಿದಾಗ ನಗು ನಿಲ್ಲಿಸಿದಿರಿ. ಆಟ ಮುಗಿದ ಮೇಲೆ ಪಂದ್ಯದ ಕಾಗದಕ್ಕೆ ತಾವೇ ಸಹಿ ಹಾಕಿದಿರಿ. ಮುನ್ಷಿಯ ವರದಿ ಎರಡು ತಿಂಗಳು ತಮ್ಮ ಮೇಜಿನ ಮೇಲೆ ನಿದ್ದೆ ಮಾಡಿ, ನಾವು ಗೆದ್ದ ಆರನೇ ದಿನ ಎಚ್ಚರವಾದದ್ದು ಹೇಗೆ? ಸೋತು ಕೊನೆಯಲ್ಲಿದ್ದ ಹತ್ತು ವರ್ಷ ನಮ್ಮ ವಾಸಸ್ಥಳದ ಚಿಂತೆ ಯಾರಿಗೂ ಇರಲಿಲ್ಲವಲ್ಲ?

ಭೀಮಶಾನಿಗೆ ಈಗ ಮೂವತ್ತೆಂಟು. ಗೋಲಿನ ಮುಂದೆ ಬಿದ್ದು ಬಿದ್ದು ಎರಡು ಹಲ್ಲು, ಒಂದು ಬೆರಳು ಹೋಗಿವೆ. ಮೇಲ್ದರ್ಜೆಯಲ್ಲಿ ಒಂದು ವರ್ಷ ನಿಂತು ಬಿಟ್ಟುಬಿಡುತ್ತೇನೆ ಎಂದಿದ್ದ. ಮಳೆಗೆ ಊರಿಗೆ ಮರಳಿದಾಗ ಹುಕುಮನ್ನು ಓದಿ ಹೇಳಿದೆ. "ಹಂಗಾದ್ರ ಆ ಒಂಬತ್ತು ಗೋಲೂ ಆಗಿಲ್ಲೇನ್ರಿ?" ಎಂದ. ಸೋಲು ಅಳಿಸಿಹೋಯಿತಲ್ಲ ಎಂಬ ಸಂತೋಷ ಅವನ ಮುಖದಲ್ಲಿರಲಿಲ್ಲ.

ಕೊನೆಗೆ, ತಮ್ಮದೇ ನಿಯಮಗಳ ಪುಸ್ತಕ ತೆಗೆಯಿರಿ. ಹದಿನಾಲ್ಕನೇ ನಿಯಮ: "ಆಟದ ವೇಳೆ ಆಟಗಾರರು ಸಿಳ್ಳು ಹಾಕಕೂಡದು." ೧೩೪೭ರಲ್ಲಿ ಸೇರಿಸಿದ್ದು. ಏಕೆ? ಭೀಮಶಾ ಹಿಂಡನ್ನು ತಿರುಗಿಸುವಂತೆಯೇ ಗೋಲಿನಿಂದ ಸಿಳ್ಳು ಹಾಕಿ ನಮ್ಮವರನ್ನು ತಿರುಗಿಸುತ್ತಿದ್ದ. ತಾಂಡೂರಿನವರು ಅದು ತೀರ್ಪುಗಾರರ ಸೀಟಿ ಎಂದುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಧರ್ಮಣ್ಣ ಅವರ ನಡುವಿನಿಂದ ಓಡಿಹೋಗಿ ಗೋಲು ಹೊಡೆದ. ಅವರು ದೂರು ಕೊಟ್ಟರು, ತಾವು ನಿಯಮ ಬರೆದಿರಿ, ನಾವು ಪಾಲಿಸಿದೆವು. ಇಲ್ಲದ ತಂಡದಲ್ಲಿ ಗೋಲು ಕಾಯುವ ಇಲ್ಲದವನ ಬಾಯಿ ಕಟ್ಟಲು ನಿಯಮ ಬರೆಯುವ ಸಮಿತಿ ಈ ಸಂಸ್ಥಾನದಲ್ಲಿ ಬೇರೊಂದಿದೆಯೇ?

ಬರುವ ಮೆಹೆರ್ ತಿಂಗಳಲ್ಲಿ, ಅಂದರೆ ಆಗಸ್ಟಿನಲ್ಲಿ, ಮುಂದಿನ ಪಂದ್ಯಾವಳಿಯ ಚೀಟಿ ಎತ್ತುತ್ತೀರಿ. ಅದಕ್ಕೂ ಮೊದಲು, ಜಹೀರಾಬಾದಿನ ಸಂತೆಯ ದಿನ, ಅದೇ ಮೈದಾನದಲ್ಲಿ ಎಲ್ಲರೆದುರು ನಿಂತು ಹೇಳಿ: ಸಿರ್ಗಾಪುರ ಆಡಿತ್ತೇ, ಇಲ್ಲವೇ? ಆಡಿತ್ತು ಎಂದರೆ ನಮ್ಮ ಹೆಸರನ್ನು ಮೇಲ್ದರ್ಜೆಯ ಚೀಟಿಯಲ್ಲಿ ಬರೆಯಿರಿ. ಆಡಿರಲಿಲ್ಲ ಎಂದರೆ ಹದಿನಾಲ್ಕನೇ ನಿಯಮ ಯಾರಿಗಾಗಿ ಬರೆದಿರಿ ಎಂದು ಹೇಳಿ, ಭೀಮಶಾನ ಮುಖ ನೋಡಿಕೊಂಡು. ಮುನ್ಷಿಯ ಕೈಯಲ್ಲಿ ಕಾಗದ ಕಳಿಸಬೇಡಿ. ಉತ್ತರವನ್ನು ತಮ್ಮ ಬಾಯಿಂದಲೇ ಕೇಳಬೇಕು.

ಇಂತಿ,
ತಮ್ಮ ದಫ್ತರಿನ ಪ್ರಕಾರ ನಡೆಯದೇ ಇದ್ದ ಪಂದ್ಯಗಳಲ್ಲಿ ಹನ್ನೊಂದು ವರ್ಷ ಬಾವುಟ ಹಿಡಿದು ಓಡಿ, ನಿಜವಾಗಿಯೂ ಮೊಣಕಾಲು ಸವೆಸಿಕೊಂಡ
ಮನ್ಮಥಪ್ಪ, ಬಟ್ಟೆ ವ್ಯಾಪಾರಿ, ಸಿರ್ಗಾಪುರ