ದಾರಿಗಿಟ್ಟ ಕುರ್ಚಿ

ಮೂನಿಬ್,

ಬೇಕರಿಯ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀಯ ಅಂತ ಎಬ್ಬಿಸಲಿಲ್ಲ. ಮಾಂಸದ ಬುರೆಕ್ ಒಲೆಯ ಮೇಲಿದೆ, ಎದ್ದ ಕೂಡಲೇ ತಿನ್ನು. ನಿನ್ನ ಹೆಂಡತಿಗೆ ಬೆಳಿಗ್ಗೆಯಿಂದ ಸೊಂಟ ನೋವು. ಹೆರಿಗೆ ನೋವಲ್ಲ ಅನ್ನುತ್ತಾಳೆ, ನನಗೆ ನಂಬಿಕೆಯಿಲ್ಲ. ಅವಳೊಬ್ಬಳನ್ನೇ ಬಿಟ್ಟು ಎಲ್ಲಿಗೂ ಹೋಗಬೇಡ.

ಪುರಸಭೆಗೆ ಮತ್ತೆ ಫೋನ್ ಮಾಡಿದ್ದೆ. "ಹಿಮ ತೆಗೆಯೋ ಗಾಡಿ ಹೊರಟಿದೆ ಅಜ್ಜಿ" ಅಂದರು. ವಾರದಿಂದ ಹೊರಡುತ್ತಲೇ ಇದೆ. ಇವತ್ತು ನಿಜವಾಗಿಯೂ ಬಂತು, ಬಂದು ನಮ್ಮ ಏರುದಾರಿಯ ಬುಡದಲ್ಲೇ ನಿಂತಿತು. "ಯಾರದಮ್ಮ ಈ ಕುರ್ಚಿ? ದಾರೀಲಿ ಕೂತು ಕಾಫಿ ಕುಡೀತೀರಾ?" ಅಂತ ಚಾಲಕ ಕೂಗಿದ. ನಾನು ಬೂಟು ಹಾಕಿಕೊಂಡು ಇಳಿಯುವಷ್ಟರಲ್ಲಿ ಗಾಡಿ ತಿರುಗಿಸಿಕೊಂಡು ಹೋಗಿದ್ದ.

ನೀನು ಬೆನ್ನು ಮುರಿಯುವಂತೆ ಹಿಮ ಅಗೆದು ಕಾರಿಗೆ ಜಾಗ ಮಾಡಿದೆ, ಬೇರೆಯವರು ನುಗ್ಗದಿರಲಿ ಅಂತ ಕುರ್ಚಿ ಇಟ್ಟೆ. ಎಲ್ಲರೂ ಇಡುತ್ತಾರೆ, ಅದಕ್ಕೆ ಬೈಯುವುದಿಲ್ಲ. ಆದರೆ ಆಂಬುಲೆನ್ಸ್ ಬರಬೇಕಾದದ್ದೂ ಅದೇ ದಾರಿಯಲ್ಲಿ ಮಗನೇ.

ಪಕ್ಕದ ಮನೆಯ ಹಾಶಿಮ್‌ಗೂ ಹೇಳಿದೆ. ಗೊಣಗುತ್ತಲೇ ತನ್ನ ಕುರ್ಚಿ ಒಳಗಿಟ್ಟ. ಕಾಲು ಜಾರದಿರಲಿ ಅಂತ ಏರುದಾರಿಗೆ ಒಲೆಯ ಬೂದಿ ಎರಚಿದ್ದೇನೆ, ಉಳಿದದ್ದನ್ನು ನೀನು ಮೆಟ್ಟಿಲಿಗೆ ಹಾಕು.

ನಾನು ಕೆಳಗೆ ಟ್ರಾಮ್ ರಸ್ತೆಯ ತಿರುವಿನಲ್ಲಿರುತ್ತೇನೆ. ಗಾಡಿ ಮತ್ತೆ ಅಲ್ಲಿಂದಲೇ ಹೋಗಬೇಕು. ನಿನ್ನ ಕುರ್ಚಿ ಹುಡುಕಬೇಡ, ನನ್ನ ಜೊತೆಗಿದೆ. ರಸ್ತೆಯ ನಡುವೆ ಹಾಕಿಕೊಂಡು ಕೂರುತ್ತೇನೆ. ಕುರ್ಚಿ ಕಂಡರೆ ಅವನು ನಿಲ್ಲಿಸುತ್ತಾನೆ ಅಂತ ಈಗ ಗೊತ್ತಾಯಿತಲ್ಲ.

ಅಮ್ಮ