ಕಂಬದ ಮೇಲಿನ ವೈರ್

ಹುಮನಾಬಾದ್, 1989

ತುಳಜಾರಾಮ ಅಣ್ಣನವರಿಗೆ ದ್ರೌಪತಿಯ ನಮಸ್ಕಾರ.

ಕಂಬದ ಮೇಲೆ ಕೇಬಲ್ ಎಳೆಯುವಾಗ ನಮ್ಮವರು ಶಾಕ್ ಹೊಡೆದು ತೀರಿಕೊಂಡ ಮೇಲೆ ಇಲ್ಲಿಂದ ಮನೆಮನೆಗೆ ವಿಡಿಯೊ ಹಚ್ಚುವವರು ಯಾರೂ ಇಲ್ಲ. ನಮ್ಮ ಗಿರಾಕಿಗಳಿಗೂ ಇನ್ನು ನೀವೇ ಪಿಕ್ಚರ್ ತೋರಿಸಿ. ನೀವೂ ಅವರೂ ಒಬ್ಬರ ವೈರ್ ಒಬ್ಬರು ಕತ್ತರಿಸಿದ್ದು ಸಾಕು. ಅವರ ವೈರನ್ನು ಕತ್ತರಿಸದೆ ಬಿಚ್ಚಿಕೊಳ್ಳಿ. ಹತ್ತುವ ಮೊದಲು ಲೈನ್‌ಮನ್‌ಗೆ ಹೇಳಿ ಕರೆಂಟ್ ಬಂದ್ ಮಾಡಿಸಿ.

ಅವರನ್ನು ಮಣ್ಣು ಮಾಡಿದ ದಿನ ನೀವು ಪಿಕ್ಚರ್ ನಿಲ್ಲಿಸಿ, ಯಾಕೆಂದು ಕೇಳಲು ಬಂದ ಬೇರೆ ಗಲ್ಲಿಯವರಿಗೆ, "ನಮ್ಮ ಗಲ್ಲಿದಾಗ ಕರೆಂಟ್ ಹೋಗ್ಯಾದ್ರಿ" ಎಂದಿರಂತೆ.

ನಿಮ್ಮದೂ ನಮ್ಮದೂ ಒಂದೇ ಗಲ್ಲಿ, ಅಣ್ಣ. ಅವತ್ತು ಅವರನ್ನು ಮಲಗಿಸಿದ್ದ ಪಡಸಾಲೆಯಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು.

ನಿಮ್ಮ ತಂಗಿಯಂಥವಳು,
ದ್ರೌಪತಿ